ತಿಜೋರಿಯಲ್ಲಿ ಮೂರು ಅರಿಶಿನ ಕೊಂಬು

ತಿಜೋರಿಯ ಬಾಗಿಲನ್ನು ಯಾರೂ ಮೀಟಿರಲಿಲ್ಲ, ಕೊರೆದಿರಲಿಲ್ಲ. ಒಂದು ಗೀರು ಕೂಡ ಇರಲಿಲ್ಲ. ಒಳಗೆ ನಾಲ್ಕು ಬಟ್ಟೆಗಳು ಬಿಚ್ಚಿ ಬಿದ್ದಿದ್ದವು. ಅವುಗಳಲ್ಲಿ ಕಟ್ಟಿಟ್ಟಿದ್ದ ಬಂಗಾರ ಮಾಯವಾಗಿತ್ತು. ಮೂರು ಬಟ್ಟೆಗಳಲ್ಲಿ ಒಂದೊಂದು ಅರಿಶಿನ ಕೊಂಬು. ನಾಲ್ಕನೆಯದು ಖಾಲಿ.

ಮೂವತ್ತೊಂದು ವರ್ಷದಿಂದ ಪೊಲೀಸ್ ಕೆಲಸದಲ್ಲಿದ್ದೇನೆ. ಬೀಡಿ ಬಿಟ್ಟು ಹೋದ ಕಳ್ಳರನ್ನು ಕಂಡಿದ್ದೇನೆ, ಚಪ್ಪಲಿ ಬಿಟ್ಟು ಓಡಿದವರನ್ನು ಹಿಡಿದಿದ್ದೇನೆ. ಅರಿಶಿನ ಇಟ್ಟು ಹೋದ ಕಳ್ಳ ಮಾತ್ರ ಇವನೇ ಮೊದಲು.

ನಾನು ಕಾಶಿನಾಥ, ಹೆಡ್ ಕಾನ್‌ಸ್ಟೇಬಲ್. ಬೆಳಗ್ಗೆ ಒಂಬತ್ತೂವರೆಗೆ ಮಲ್ಕಾಜ್‌ಗಿರಿಯ ಆ ಓಣಿಯಿಂದ ಫೋನು ಬಂದಾಗ ಎಸ್‌ಐ ಸಾಹೇಬರು ನನ್ನ ಮುಖ ನೋಡಿ, "ಮೀ ವಾಳ್ಳೇ" ಅಂದರು. ನಿಮ್ಮ ಜನವೇ, ನೀವೇ ನೋಡಿಕೊಳ್ಳಿ ಅಂತ. ನಮ್ಮ ಠಾಣೆಯಲ್ಲಿ ಕನ್ನಡದಲ್ಲಿ ಅಳುವವರೆಲ್ಲ ನನ್ನ ಪಾಲಿಗೇ ಬರುತ್ತಾರೆ.

ಮನೆ ಉಮಾಬಾಯಿಯದು. ಐವತ್ತೆರಡು ವರ್ಷ. ಗಂಡ ರೈಲ್ವೆಯಲ್ಲಿದ್ದವನು, ತೀರಿ ಆರು ವರ್ಷ. ಮಕ್ಕಳಿಲ್ಲ. ಅಂಗಳದ ತಂತಿಯ ಮೇಲೆ ನಾಲ್ಕು ಕೌದಿಗಳನ್ನು ಬಿಸಿಲಿಗೆ ಹಾಕಿದ್ದಳು. ಅವನ್ನು ಸರಿಸಿಕೊಂಡೇ ನಾನು ಒಳಗೆ ಹೋದದ್ದು.

ಒಳಗೆ ನಾಲ್ವರು ಹೆಂಗಸರು ಕೂತಿದ್ದರು. ಯಾದಗಿರಿ ಕಡೆಯಿಂದ ಬಂದವರು. ಹಿಂದಿನ ಬೀದಿಯಲ್ಲಿ ಏಳುತ್ತಿದ್ದ ಹದಿನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಎರಡು ವರ್ಷ ಇಟ್ಟಿಗೆ ಹೊತ್ತವರು. ತಗಡಿನ ಶೆಡ್ಡಿಗೆ ಬಾಗಿಲೆಂದರೆ ಒಂದು ಪರದೆ. ಅಲ್ಲಿ ಬಂಗಾರ ಇಡುವುದು ಹೇಗೆ? ನೀರಿಗೆ ಬಂದು ಪರಿಚಯವಾದ ಉಮಾಬಾಯಿಯ ಹತ್ತಿರ ಇಟ್ಟಿದ್ದರು. ಈ ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಒಯ್ಯಲು ಬಂದಿದ್ದರು.

ಸಾಬಮ್ಮ ಎಲ್ಲರಿಗಿಂತ ಜೋರು. ಅವಳ ಕೊರಳಲ್ಲಿ ಅರಿಶಿನ ದಾರ, ಅದರಲ್ಲೊಂದು ಕೊಂಬು. ತಾಳಿ ತೆಗೆದಿಟ್ಟ ಮುತ್ತೈದೆ ಕೊರಳನ್ನು ಬರಿದು ಬಿಡುವುದಿಲ್ಲವಲ್ಲ.

"ಸಾಹೇಬ್ರ, ಶುಕ್ರವಾರ ನನ್ನ ಮಗಳ ಮದುವಿ ಐತ್ರಿ. ಇವತ್ತ ಸಂಜಿ ಐದಕ್ಕ ಊರಿಗಿ ಗಾಡಿ. ಆಕಿ ತಾಳಿ, ಬೆಂಡೋಲಿ ಎಲ್ಲಾ ಅದ್ರಾಗ ಇದ್ವು. ಎಂಟು ವರ್ಷ ಗಳಿಸಿದ್ದು! ಬಂಗಾರಿಲ್ದ ಹೋದ್ರ ಬೀಗರು ಚಪ್ಪರದಾಗಿಂದ ಎದ್ದು ಹೋಗ್ತಾರ್ರಿ."

"ಫೋನ್ ಮಾಡಿದ್ದು ಯಾರವ್ವ?"

"ನಾನs. ಈ ಉಮಾಬಾಯಿ ಬ್ಯಾಡ ಅಂದ್ರು. ಎರಡು ದಿನ ಹುಡುಕೂಣು ಅಂದ್ರು. ಎರಡು ದಿನ ಎಲ್ಲಿ ತರ್ಲಿ?"

ಉಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು.

"ಕೊಂಬು ಯಾಕ ಇಟ್ಟಾರಂದ್ರ, ಮಾಟರಿ!" ಅಂದಳು ಸುವರ್ಣಾ. ನಾಲ್ವರಲ್ಲಿ ಚಿಕ್ಕವಳು, ಅವಳ ಕೊರಳಲ್ಲೂ ಅರಿಶಿನದ ದಾರ. "ನಮ್ಮ ಗಂಡಂದಿರು ಎತ್ತರದಾಗ ಸಾರವಿ ಮ್ಯಾಲ ನಿಂತು ಕೆಲಸ ಮಾಡೋರು. ಯಾರೋ ಕಣ್ಣು ಹಾಕ್ಯಾರ."

ಮಾಟವೋ ಮಣ್ಣೋ. ಎಫ್‌ಐಆರ್‌ನಲ್ಲಿ ಮಾಟಕ್ಕೆ ಕಾಲಂ ಇಲ್ಲ.

"ಚಾವಿ ಎಲ್ಲಿತ್ತು?" ಎಂದು ಉಮಾಬಾಯಿಯನ್ನು ಕೇಳಿದೆ.

"ದೇವರ ಜಗಲಿ ಮ್ಯಾಲ್ರಿ. ನಿನ್ನೆ ಸಂಜಿಮುಂದ ಗುಡಿಗಿ ಹೋಗಿದ್ದೆ. ಮರ್ತು ಹೋದೆ."

"ನಂಬರ್?"

"ಚೀಟಿ... ಅದೂ ಅಲ್ಲೇ ಇತ್ರಿ."

"ಮನೆ ಬಾಗಿಲು?"

"ಬರೇ ಚಿಲಕ ಹಾಕಿದ್ದೆ."

ಭೇಷ್! ಆನೆ ಗಾತ್ರದ ತಿಜೋರಿ ತಂದು, ಚಾವಿ ಮತ್ತು ನಂಬರನ್ನು ದೇವರ ಮುಂದಿಟ್ಟು, ಬಾಗಿಲು ತೆರೆದಿಟ್ಟು ಗುಡಿಗೆ ಹೋಗುವುದು. ಎಲ್ಲೋ ಹದ ತಪ್ಪಿದೆ ಅನ್ನಿಸಿತು. ಆದರೆ ಗಾಬರಿಯಾದವರ ಮಾತು ಹೀಗೂ ಇರುತ್ತದೆ. ತಿಜೋರಿ ಎಲ್ಲಿಯದು ಎಂದು ಕೇಳಿದೆ.

"ನಾಚಾರಂದಾಗ ತಗೊಂಡೆ ಸಾಹೇಬ್ರ. ಹಳೇದು."

ಸೆಕೆಂಡ್ ಹ್ಯಾಂಡ್. ಎಸ್‌ಐ ಸಾಹೇಬರಿಗೆ ಫೋನಿನಲ್ಲಿ ಹೇಳಿದ ಕೂಡಲೇ ತೀರ್ಪು ಬಂತು. ಮಾರಿದವನ ಹತ್ತಿರ ಇನ್ನೊಂದು ಚಾವಿ ಇರುತ್ತದೆ, ಎತ್ತಿ ಹಾಕಿಕೊಂಡು ಬಾ.

*

ಅಂಬಾದಾಸನ ಶೆಡ್ಡು ನಾಚಾರಂನ ಕಾರ್ಖಾನೆಗಳ ಸಂದಿಯಲ್ಲಿತ್ತು. ಬೀದರ್ ಕಡೆಯ ಮನುಷ್ಯ. ಹಳೆ ತಿಜೋರಿ, ಕಪಾಟು ತಂದು ರಿಪೇರಿ ಮಾಡಿ ಮಾರುತ್ತಾನೆ. ಪೊಲೀಸ್ ಬಟ್ಟೆ ಕಂಡು ಮುಖ ಗಂಟಿಕ್ಕಿದ. ಕನ್ನಡ ಕೇಳಿ ಸಡಿಲಾದ.

"ಆ ಅಕ್ಕ ಮೂರು ಸಲ ಬಂದಿದ್ರು ಸಾಬ್. ಹೊಸಾದು ಆ ನಮೂನಿದು ಎಂಬತ್ತು ಸಾವಿರದ ಮ್ಯಾಲ. ಅವರ ಹತ್ರ ಇದ್ದದ್ದು ಇಪ್ಪತ್ತು. ಸಣ್ಣದು ತಗೊಳ್ರಿ ಅಂದೆ. ಎತ್ತಿಕೊಂಡು ಹೋಗೋ ಅಂಥಾದ್ದು ನನಗ ಬ್ಯಾಡ ಅಂದ್ರು."

"ಇದು ಎಲ್ಲಿಯದು?"

"ಬಂದಾದ ಒಂದು ಬಂಗಾರದ ಅಂಗಡಿದು. ಮುನ್ನೂರು ಕಿಲೋ. ಬೆಂಕಿಗೂ ಜಗ್ಗಂಗಿಲ್ಲ. ಭಾಳ ಭಾರ ಅಂತ ಯಾರೂ ಕೇಳಲಿಲ್ಲ, ಅದಕ್ಕs ಅಗ್ಗ. ಅಕ್ಕ ಭಾರೀ ಶಾಣ್ಯಾಕಿ ಸಾಬ್. ಬ್ಯಾಟರಿ ಹಿಡಿದು ನೋಡಿದ್ರು. ಬಣ್ಣದ ಕೆಳಗ ಕೊರೆದು ಮುಚ್ಚಿದ ಕಲೆ ಐತೇನು, ಬಾಗಲ ಜೋತು ಬಿದ್ದೈತೇನು... ಹಳೇ ಕೀಲಿ ಬ್ಯಾಡ, ಹೊಸಾದು ಹಾಕು ಅಂದ್ರು. ನಂಬರ್ ಅವರ ಕೈಲೆ ಹಾಕಿಸಿದೆ. ನಾನು ಆ ಕಡಿ ಮುಖ ಮಾಡಿ ನಿಂತಿದ್ದೆ."

"ಚಾವಿ ಎಷ್ಟು?"

"ಎರಡು. ಎರಡೂ ಅವರಿಗೇ ಕೊಟ್ಟೆ. ಹೊಸ ಕೀಲಿ, ಚೋರ್‌ಖಾನೆ, ಎಣ್ಣಿ ಎಲ್ಲಿ ಬಿಡೂದು, ಒಂದೊಂದೂ ತೋರಿಸಿ ಕಳಿಸೀನಿ."

ಕೀಲಿ ತರಿಸಿದ ಬಿಲ್ಲು ತೋರಿಸಿದ. ಅಂಬಾದಾಸ ಕಳ್ಳಚಾವಿ ಮಾಡಿಸಿಕೊಂಡಿದ್ದರೂ ನಂಬರ್ ಅವನಿಗೆ ಗೊತ್ತಿಲ್ಲ. ಎಲ್ಲಕ್ಕಿಂತ ಮುಖ್ಯ, ನಾಚಾರಂನ ಗುಜರಿ ವ್ಯಾಪಾರಿಗೆ ಅರಿಶಿನ ಕೊಂಬಿನ ಉಸಾಬರಿ ಯಾಕೆ?

ಹೊರಡುವಾಗ ಅವನು ಒಂದು ಮಾತು ಸೇರಿಸಿದ.

"ಇಷ್ಟು ದೊಡ್ಡದು ಯಾಕ ಅಕ್ಕಾ, ನಿಮ್ಮ ಬಂಗಾರ ಎಷ್ಟೈತಿ ಅಂತ ಕೇಳಿದೆ ಸಾಬ್. ನಂದು ಏನಿಲ್ಲಪಾ, ನಂದಾಗಿದ್ರ ಟ್ರಂಕಿನ್ಯಾಗ ಒಗೀತಿದ್ದೆ, ಮಂದಿದು ಅದ ಅಂದ್ರು."

ಬೈಕು ಹತ್ತಿದಾಗಲೂ ಆ ಮಾತು ಬಿಡಲಿಲ್ಲ. ಮಂದಿಯ ಬಂಗಾರಕ್ಕೆ ತನ್ನ ಕೂಡಿಟ್ಟ ದುಡ್ಡೆಲ್ಲ ಸುರಿದವಳು ಚಾವಿ ಮರೆಯುತ್ತಾಳೆಯೇ?

*

ಮರಳಿ ಬಂದಾಗ ಒಂದೂವರೆ. ನಾಲ್ಕು ಬಟ್ಟೆಗಳನ್ನು ಮುಂದಿಟ್ಟುಕೊಂಡು ಯಾವುದು ಯಾರದು ಕೇಳಿದೆ.

ಕೆಂಪು ಬಟ್ಟೆ ಸಾಬಮ್ಮನದು, ಹಸಿರು ಸುವರ್ಣಾದು. ಎರಡರಲ್ಲೂ ಕೊಂಬು. ಸರಿ, ಇಬ್ಬರೂ ಮುತ್ತೈದೆಯರು. ಬಿಳಿ ಬಟ್ಟೆ ಹಂಪಮ್ಮನದು. ಗಂಡ ಸತ್ತು ಹತ್ತು ವರ್ಷ. ಕೊಂಬು ಇಲ್ಲ.

"ನಿನ್ನ ಗಂಟಿನಲ್ಲಿ ಏನಿತ್ತವ್ವ?"

"ನನ್ನ ಹಳೀ ತಾಳಿರಿ. ಮೊಮ್ಮಗಳಿಗಿ ಅಂತ ಇಟ್ಟಿದ್ದೆ."

ಉಳಿದದ್ದು ಚೌಕಳಿ ಬಟ್ಟೆ. ಬಂಡೆಮ್ಮನದು.

"ನನ್ನದೂ ಹಳೀ ತಾಳಿರಿ," ಅಂದಳು ಬಂಡೆಮ್ಮ. "ನನ್ನ ಗಂಡನೂ ಇಲ್ರಿ."

ಅವಳ ಬಟ್ಟೆಯಲ್ಲಿ ಕೊಂಬಿತ್ತು.

ಇಬ್ಬರು ವಿಧವೆಯರು. ಇಬ್ಬರ ಗಂಟಿನಲ್ಲೂ ತಾಳಿ. ಒಬ್ಬಳಿಗೆ ಅರಿಶಿನ, ಇನ್ನೊಬ್ಬಳಿಗೆ ಇಲ್ಲ. ಬಂಡೆಮ್ಮನನ್ನು ಅಂಗಳದ ಕೌದಿಗಳ ಮರೆಗೆ ಕರೆದೆ.

"ಗಂಡ ಸತ್ತದ್ದು ಯಾವಾಗವ್ವ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಸತ್ತಿಲ್ರಿ. ಇನ್ನೊಬ್ಬಾಕಿ ಕೂಡ ಬ್ಯಾರೆ ಊರಾಗ ಅದಾನ. ಗಂಡ ಬಿಟ್ಟಾಕಿ ಅಂದ್ರ ಸೈಟಿನ್ಯಾಗ ಗಂಡಸರು ಬ್ಯಾರೆ ಕಣ್ಣಿಲೆ ನೋಡ್ತಾರ. ಸತ್ತಾನ ಅಂದ್ರ ಅಕ್ಕಾ ಅಂತಾರ. ಅದಕ್ಕs... ಇವರಿಗಿ ಹೇಳಬ್ಯಾಡ್ರಿ ಸಾಹೇಬ್ರ, ಕಾಲು ಬೀಳ್ತೀನಿ."

"ಹೇಳಲ್ಲ. ಇದು ಇನ್ಯಾರಿಗೆ ಗೊತ್ತು?"

ಅವಳು ಒಂದೇ ಹೆಸರು ಹೇಳಿದಳು.

*

ಹೆಂಗಸರನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಉಮಾಬಾಯಿಯೊಬ್ಬಳನ್ನೇ ತಿಜೋರಿಯ ಮುಂದೆ ನಿಲ್ಲಿಸಿದೆ. ಮನೆಯ ಬಾಗಿಲು ಮುಂದೆ ಮಾಡಿದೆ.

"ಚೋರ್‌ಖಾನೆ ತೆಗೀರಿ, ಅಕ್ಕಾ."

ಅವಳು ಹೊರಗಿನ ಕಟ್ಟೆಯ ಕಡೆ ಕತ್ತು ತಿರುಗಿಸಿದಳು.

"ಅಂಬಾದಾಸ ತೋರಿಸಿ ಕೊಟ್ಟಾನ. ನಾನು ಹುಡುಕಿದರೆ ತಿಜೋರಿ ಕೆಡತದ. ನೀವೇ ತೆಗೀರಿ."

ಅವಳು ಕುಕ್ಕುರುಗಾಲಲ್ಲಿ ಕೂತು ಕೆಳಗಿನ ಹಲಗೆಯ ಹಿಂದಕ್ಕೆ ಬೆರಳು ತೂರಿಸಿದಳು. ಕಟಕ್ ಅಂತು. ಅಂಗೈ ಅಗಲದ ಗುಪ್ತ ಖಾನೆ ಹೊರಬಂತು. ಮೂರು ತಾಳಿ, ಹಂಪಮ್ಮನ ಹಳೆಯದೊಂದು, ಮದುಮಗಳದೊಂದು, ಬೆಂಡೋಲೆ, ಎಲ್ಲ ಅದರಲ್ಲೇ ಇದ್ದವು. ಬಂಗಾರ ತಿಜೋರಿ ಬಿಟ್ಟು ಹೊರಗೆ ಬಂದೇ ಇರಲಿಲ್ಲ.

"ಹೆಂಗ ಗೊತ್ತಾತ್ರಿ?" ಅಂದಳು.

"ಖಾನೆ ಸಣ್ಣದು, ಗಂಟು ಹಿಡಿಸಲಿಲ್ಲ. ಬಿಚ್ಚಿದಿರಿ. ತಾಳಿ ತೆಗೆದ ಜಾಗ ಬರಿದು ಬಿಡಾಕ ಮನಸ್ಸು ಒಪ್ಪಲಿಲ್ಲ. ಅವರ ಗಂಡಂದಿರಿಗೆ ಏನರ ಆದ್ರ ಅಂತ ಹೆದರಿ ಅರಿಶಿನ ಇಟ್ರಿ. ಕಳ್ಳನಾಗಿದ್ರ ಇಡತಿರಲಿಲ್ಲ. ಹೊರಗಿನವರು ಹೆದರಿ ಇಟ್ಟಿದ್ರ ನಾಲ್ಕು ಗಂಟಿಗೂ ಇಡತಿದ್ರು. ಶೆಡ್ಡಿನವರಾಗಿದ್ರ ಎರಡೇ ಇಡತಿದ್ರು, ಯಾಕಂದ್ರ ಅವರ ಲೆಕ್ಕದಾಗ ಬಂಡೆಮ್ಮ ವಿಧವೆ. ಆಕೆಯ ಗಂಡ ಬದುಕ್ಯಾನ ಅಂತ ಗೊತ್ತಿದ್ದದ್ದು ಆಕೆಗೂ ನಿಮಗೂ."

"ಬಂಡೆವ್ವನ ಮ್ಯಾಲ ಯಾಕ ಅನುಮಾನ ಬರಲಿಲ್ಲ?"

"ಎರಡು ವರ್ಷ ಮುಚ್ಚಿಟ್ಟ ಗುಟ್ಟನ್ನು ತಾನೇ ಎಲ್ಲರ ಮುಂದೆ ಇಡತಾಳೇನು? ಮತ್ತ ಈ ಕೌದಿ. ಇವರು ಬಂದದ್ದು ಒಂಬತ್ತಕ್ಕ, ಬಂಗಾರಿಲ್ಲ ಅಂತ ತಿಳಿದದ್ದು ಆಮ್ಯಾಲ. ಸಂಜೆ ಊರಿಗೆ ಹೋಗೋರು. ನೀವು ಒಬ್ಬರೇ ಇರೋರು ಬೆಳಿಗ್ಗೆನೇ ನಾಲ್ಕು ಕೌದಿ ಬಿಸಿಲಿಗೆ ಹಾಕಿದ್ದು ಯಾರಿಗೆ?"

ಆಗ ಅತ್ತಳು. ಬೆಳಗಿನ ಅಳುವಿನ ಹಾಗಲ್ಲ.

"ಕಟ್ಟಡ ಮುಗೀತ್ರಿ. ಮದುವಿ ಮುಗಿಸಿ ಹಂಗs ಪುಣೇಕ್ಕ ಹೊಂಟಾರ. ಅಮಾಸಿಗಿ ಅಮಾಸಿಗಿ ಕೆಲಸ ಬಿಟ್ಟಾಗ ಇಲ್ಲಿ ಬರ್ತಿದ್ರು. ಬಂಗಾರ ಹಾಕ್ಕೊಂಡು ಕನ್ನಡಿ ನೋಡ್ಕೊಂಡು ನಗತಿದ್ರು, ಉಂಡು ಹೋಗ್ತಿದ್ರು. ತಿಂಗಳಿಗೊಂದು ದಿನ ನಮ್ಮ ಮನಿ ಮನಿ ಆಗ್ತಿತ್ತು. ನಿನ್ನೆ ತಿಜೋರಿ ಮುಂದ ಕೂತಾಗ ತಿಳೀತು. ನಾಳಿಂದ ಇದ್ರಾಗ ಏನೂ ಇರಂಗಿಲ್ಲ, ಯಾರೂ ಬರಂಗಿಲ್ಲ. ಎರಡು ದಿನ ನಿಂದ್ರಲಿ, ಆಮ್ಯಾಲ ಸಿಕ್ತು ಅಂತ ಕೊಟ್ರಾತು ಅಂತ... ನನಗ ಬುದ್ಧಿ ಎಲ್ಲಿ ಹೋಗಿತ್ತೋ ಸಾಹೇಬ್ರ."

ಬಯ್ಯಬೇಕೆಂದಿದ್ದೆ. ನನ್ನ ಹೆಂಡತಿ ತೀರಿ ನಾಲ್ಕು ವರ್ಷ. ಮನೆಗೆ ಹೋದ ಕೂಡಲೇ ಟೀವಿ ಹಚ್ಚುತ್ತೇನೆ, ಯಾರದಾದರೂ ದನಿ ಇರಲಿ ಅಂತ. ಏನು ಬರುತ್ತಿದೆ ಅಂತ ನೋಡುವುದೂ ಇಲ್ಲ. ಒಂಟಿತನಕ್ಕೆ ಯಾವ ಸೆಕ್ಷನ್ ಹಾಕುವುದು?

"ಖಾನೆಯಲ್ಲಿಟ್ಟು ಮರೆತಿದ್ರಿ ಅಂತ ನಾನೇ ಹೇಳ್ತೀನಿ," ಅಂದೆ.

"ಬ್ಯಾಡ್ರಿ," ಅಂದಳು. "ಇನ್ನೊಂದು ಸುಳ್ಳು ಬ್ಯಾಡ."

ಬಂಗಾರವನ್ನು ಸೆರಗಿನಲ್ಲಿ ಹಾಕಿಕೊಂಡು ಕಟ್ಟೆಗೆ ಹೋಗಿ ಎಲ್ಲ ಹೇಳಿದಳು. ಕೊಂಬಿನ ಮಾತು ಮಾತ್ರ ಎತ್ತಲಿಲ್ಲ. ಬಂಡೆಮ್ಮ ತಲೆ ತಗ್ಗಿಸಿ ಕೂತಿದ್ದಳು.

ಸಾಬಮ್ಮ ಮಗಳ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಎದ್ದು ನಿಂತಳು.

"ಮದುವಿಗಿ ಬಾ ಅಂತ ಮೂರು ಸಲ ಕರದೆ ನಿನಗ. ಗಂಡಿಲ್ದಾಕಿ ನಾ, ಶುಭಕಾರ್ಯಕ್ಕ ಬರಬಾರದು ಅಂದಿ. ಹಂಪವ್ವ ಬರಾಕತ್ತಿಲ್ಲೇನು? ಬಂದಿದ್ರ ತಲಿಮ್ಯಾಲ ಹೊತ್ತು ಕರ್ಕೊಂಡು ಹೋಗ್ತಿದ್ದೆ. ಬರಾಕ ಒಲ್ಲೆ ಅಂದು, ನನ್ನ ಮಗಳ ಮದುವಿಗೇ ಕೈ ಹಾಕಿದೆಲ್ಲಾ!"

ಉಮಾಬಾಯಿ ಎರಡೂ ಕೈ ಜೋಡಿಸಿದಳು.

"ಈಗ ಮಾತ್ರ ಕರ್ಯಂಗಿಲ್ಲ," ಅಂದಳು ಸಾಬಮ್ಮ. ಅವಳ ದನಿಯೂ ಒಡೆದಿತ್ತು.

ದೂರು ಬೇಡವೆಂದು ಹೆಬ್ಬೆಟ್ಟು ಒತ್ತಿದರು. ಆಟೋ ಬಂತು. ಹೋಗುವಾಗ ಬಂಡೆಮ್ಮ ಒಬ್ಬಳೇ ಉಮಾಬಾಯಿಯ ಭುಜ ಮುಟ್ಟಿದಳು. ಆಟೋ ತಿರುವು ದಾಟುವವರೆಗೂ ಉಮಾಬಾಯಿ ಗೇಟು ಹಿಡಿದು ನಿಂತಿದ್ದಳು. ಯಾರೂ ಹಿಂತಿರುಗಿ ನೋಡಲಿಲ್ಲ.

ನಾನು ಬೈಕಿನ ಸ್ಟ್ಯಾಂಡು ತೆಗೆದೆ.

"ಸಾಹೇಬ್ರ," ಅಂದಳು, "ನಿಮ್ಮ ಮನ್ಯಾಗ ಏನರ ಇಡೂದು ಐತೇನ್ರಿ? ಬಂಗಾರ, ಕಾಗದ ಪತ್ರ... ಏನಿದ್ರೂ ನಡೀತದ. ತಿಂಗಳಿಗೊಮ್ಮೆ ಬಂದು ನೋಡ್ಕೊಂಡು ಹೋಗ್ರಿ."

ಇಡುವಂಥದ್ದು ಏನಿದೆ ಅಂತ ನಿಜವಾಗಿಯೂ ಯೋಚಿಸಿದೆ. ಒಂದೂ ನೆನಪಾಗಲಿಲ್ಲ.

"ಏನೂ ಇಲ್ಲ ಅಕ್ಕಾ," ಅಂದೆ. ಸ್ಟ್ಯಾಂಡು ಮತ್ತೆ ಹಾಕಿದೆ. "ಚಹಾ ಇದ್ರ ಒಂದು ಕಪ್ಪು ಮಾಡ್ರಿ."