ರೀಡರ್ ಮೊದಲು ಓದಿದ ಕಾರ್ಡ್

ಔಷಧಿ ಕಾರ್ಖಾನೆಯ ಪ್ಯಾಕಿಂಗ್ ಮೇಜಿಗೆ ಕೆಮ್ಮಿನ ಸಿರಪ್ಪಿನ ಬಾಟಲಿಗಳು ಒಂದರ ಹಿಂದೊಂದು ಬಂದು ರೀಡರ್‌ನ ಕೆಂಪು ದೀಪ ಹೊತ್ತಿಸುತ್ತಿದ್ದವು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಮೂರು ದಿನದಿಂದ ಅದೇನು ಕಡಿದು ಕಟ್ಟೆ ಹಾಕಿದ್ರಿ?" ಎಂದೆ.

ಬಾರ್‌ಕೋಡ್ ರೀಡರ್ ಹೊಂದಿಸಲು ಬಂದಿದ್ದ ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಐದರ ಬಸ್ಸಿಗೆ ಅವನು ಹೊರಟುಬಿಡುತ್ತಾನೆ. ಮೂರು ದಿನವೂ ಜಗಳ ತೆಗೆದೆನೇ ಹೊರತು, ಹೇಳಬೇಕಾದ ಒಂದೇ ಒಂದು ಮಾತು ಗಂಟಲಿಂದ ಮೇಲೆ ಬಂದಿರಲಿಲ್ಲ.

ಸ್ವಲ್ಪ ಹೊತ್ತಿನ ಮುಂಚೆ ಎಷ್ಟು ಸಮಾಧಾನವಾಗಿ ಹೇಳಿಕೊಟ್ಟಿದ್ದ. "ಈ ಬಟನ್ ಒತ್ತಿದ ಮೇಲೆ ಮೊದಲು ಓದಿದ ಕೋಡೇ ಮಾದರಿ. ಆಮೇಲೆ ಬರೋದನ್ನೆಲ್ಲ ಅದರ ಜೊತೆ ಹೋಲಿಸುತ್ತೆ. ಒಂದೇ ಆದ್ರೆ ಹಸಿರು, ಇಲ್ಲಾಂದ್ರೆ ಕೆಂಪು." ಅವನ ರೆಪ್ಪೆಯ ಮೇಲೆ ರಟ್ಟಿನ ಧೂಳಿನ ಒಂದು ಎಳೆ ಕೂತಿತ್ತು. ಕಿಟಕಿಯ ಬಿಸಿಲಿಗೆ ಅದು ಹೊಳೆಯುತ್ತಿತ್ತು. ನಾನು ಹೂಂಗುಟ್ಟುತ್ತಾ ಕೈಯಲ್ಲಿದ್ದ ರೀಡರ್‌ನ ಬಟನ್ ಒತ್ತಿದ್ದೆ. ರೀಡರ್ ಕೀ ಅಂದಿತ್ತು. ಏನನ್ನು ಓದಿತೋ ನಾನು ನೋಡಿರಲಿಲ್ಲ.

"ಈ ಹುಡುಗಿಗೆ ಇವತ್ತು ಮೈಮೇಲೆ ಪ್ರಜ್ಞೆ ಇಲ್ಲ," ಎಂದಳು ಪಕ್ಕದಲ್ಲಿ ಪೆಟ್ಟಿಗೆ ಮಡಿಸುತ್ತಿದ್ದ ನನ್ನ ದೊಡ್ಡಮ್ಮ.

ಅವನು ರೀಡರ್‌ನೊಳಗೆ ಉಳಿದಿದ್ದ ಮಾದರಿಯನ್ನು ಪರದೆಯ ಮೇಲೆ ತೆರೆದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ತನ್ನ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಕಾರ್ಡಿನ ಬಾರ್‌ಕೋಡನ್ನು ರೀಡರ್ ಮುಂದೆ ಹಿಡಿದ.

ಹಸಿರು.

ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸಿತು ನನಗೆ.

"ಬಾಟಲಿ ನಿಮ್ಮ ಎಡಗಡೆ ಇತ್ತು," ಎಂದ ಮೆಲ್ಲಗೆ. "ನಾನು ನಿಂತಿದ್ದು ಬಲಗಡೆ."

"ಗೊತ್ತು."

"ಹಾಗಾದ್ರೆ ನೀವು ನೋಡ್ತಿದ್ದದ್ದು?"

"ನಿಮ್ಮನ್ನ," ಎಂದೆ. "ಮೂರು ದಿನದಿಂದ ನೋಡ್ತಿರೋದು ನಿಮ್ಮನ್ನೇ. ಈಗ ನಗಬೇಡಿ. ನಕ್ಕರೆ ಇದೇ ರೀಡರ್ ತಗೊಂಡು ತಲೆಗೆ ಕುಟ್ತೀನಿ."

ಅವನು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ನಿಜ ಹೇಳ್ಲಾ? ಇದು ಅರ್ಧ ದಿನದ ಕೆಲಸ. ಮೂರು ದಿನ ಎಳೆದದ್ದು ನಾನೇ."

ದೊಡ್ಡಮ್ಮ ಪೆಟ್ಟಿಗೆ ಮಡಿಸುವುದನ್ನು ನಿಲ್ಲಿಸಿದ್ದಳು.

ಅವನು ಬಟನ್ ಒತ್ತಿ ರೀಡರ್ ನನ್ನ ಕೈಗೆ ಕೊಟ್ಟ. ಈ ಸಲ ಬಾಟಲಿಯನ್ನು ನೋಡಿಕೊಂಡೇ ಓದಿಸಿದೆ. ಒಂದಾದ ಮೇಲೊಂದು ಬಾಟಲಿಗೆ ಹಸಿರು ಹೊತ್ತಿಕೊಂಡಿತು. ಇನ್ನು ಅವನಿಗೆ ಇಲ್ಲಿ ಕೆಲಸವಿರಲಿಲ್ಲ.

"ಐದರ ಬಸ್ಸು?" ಎಂದೆ.

"ಹೋಗ್ಲೇಬೇಕು. ಭಾನುವಾರ ನಿಮ್ಮನೆಗೆ ಬರ್ತೀನಿ, ಅಮ್ಮನ್ನೂ ಕರ್ಕೊಂಡು." ಕೊರಳಿನ ಕಾರ್ಡ್ ತೆಗೆದು ನನ್ನ ಅಂಗೈಯಲ್ಲಿಟ್ಟ. ಅದಿನ್ನೂ ಬೆಚ್ಚಗಿತ್ತು. "ಇದಿಲ್ದೆ ಸೋಮವಾರ ನನ್ನನ್ನ ಆಫೀಸಿನೊಳಗೆ ಬಿಡಲ್ಲ. ಬರಲೇಬೇಕಲ್ಲ."

"ಊಟಕ್ಕೇ ಬಂದ್ಬಿಡಿ," ಎಂದಳು ದೊಡ್ಡಮ್ಮ, ನನ್ನನ್ನು ಒಂದು ಮಾತೂ ಕೇಳದೆ.