ಹುಣಸೆ ಬೀಜದ ಗುಡ್ಡೆ

ಬಸಲಿಂಗಯ್ಯನಿಗೆ ಕಸದ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಕಸ ತನ್ನ ಪಾಡಿಗೆ ತಾನು ರುದ್ರೇಶನ ಗಿರಣಿ ಪಕ್ಕ ಹೋಗಿ ಬಿದ್ದಿದ್ದರೆ ಅದರ ಏಳಿಗೆಗಾಗಿ ಊದಿನಕಡ್ಡಿ ಹಚ್ಚಿ ಬೇಡಿಕೊಳ್ಳಲೂ ಅವನು ತಯಾರಿದ್ದ. ಆದರೆ ಬಿದಿರಗುಂಡಿ ಗ್ರಾಮ ಪಂಚಾಯತಿ ಹತ್ತು ವರ್ಷದ ಸುಸ್ಥಿರ ಗ್ರಾಮ ಯೋಜನೆ ಮಾಡಲು ಕೂತು, ನೀರು, ಕಾಡು, ಕೆರೆ, ಬೀದಿದೀಪ ಎಲ್ಲ ಮುಗಿಸಿ ಕೊನೆಗೆ ಕಸಕ್ಕೆ ಬಂದಾಗ, ಕಸದ ಘಟಕ ಕಟ್ಟಲು ಎರಡೇ ಎರಡು ಜಾಗ ಸಿಕ್ಕವು. ಒಂದು, ರುದ್ರೇಶನ ಹಿಟ್ಟಿನ ಗಿರಣಿಯ ಪಕ್ಕದ ಬಯಲು. ಇನ್ನೊಂದು, ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಮೇಲೆ, ಬಸಲಿಂಗಯ್ಯನ ಖಾನಾವಳಿಗೆ ನೇರ ಎದುರಿಗಿದ್ದ ಸರಕಾರಿ ಜಾಗ.

ಆ ಖಾನಾವಳಿಯೇ ಅವನ ಜೀವ. ಧಾರವಾಡದ ಕಡೆಯಿಂದ ಹೆಂಡತಿ ಶಂಕ್ರೆವ್ವನನ್ನೂ ಒಂದು ರೊಟ್ಟಿ ಹಂಚನ್ನೂ ಕರೆದುಕೊಂಡು ಬಂದವನು, ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿ, ಇವತ್ತು ಗೋಡೆಗೆ ಬಣ್ಣ ಹೊಡೆಸುವ ಮಟ್ಟಕ್ಕೆ ಬಂದಿದ್ದ. ಕಾಗದ ಕಾರ್ಖಾನೆಯ ಪಾಳಿ ಮುಗಿಸಿದವರು, ಬಸ್ಸಿನ ಡ್ರೈವರುಗಳು, ಕಾಡಿನ ಕೆಲಸದವರು, ಊರಿನ ಸಿದ್ದಿ ಮನೆತನದವರು, ಎಲ್ಲರೂ ಅವನ ಬಿಸಿ ರೊಟ್ಟಿ, ಎಣ್ಣೆಗಾಯಿಗೆ ಬರುವವರೇ. ಎದುರಿಗೆ ಹಸಿ ಕಸ ಗುಡ್ಡೆ ಬಿದ್ದರೆ ಎಣ್ಣೆಗಾಯಿಯ ಘಮ ಯಾರ ಮೂಗಿಗೆ ಮುಟ್ಟೀತು? ಸರಿಯಾಗಿ ಗೊಬ್ಬರ ಮಾಡಿದರೆ ನಾತ ಬರುವುದಿಲ್ಲ ಎಂದು ಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಶಿವಗಂಗಾ ಮೇಡಂ ಹೇಳಿದ್ದರು. ಬಸಲಿಂಗಯ್ಯ ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ. ನಾತ ಬರದ ವಸ್ತು ಗಿರಣಿ ಪಕ್ಕವೇ ಇರಲಿ ಎಂಬುದು ಅವನ ಅಭಿಪ್ರಾಯವಾಗಿತ್ತು.

ರುದ್ರೇಶನ ಮೇಲೆ ಹಳೆಯ ದ್ವೇಷವೂ ಇತ್ತು. ಜೋಳ ಬೀಸಿಕೊಂಡು ತೆಪ್ಪಗಿರಬೇಕಾದ ಮನುಷ್ಯ, ಹೋದ ವರ್ಷ ಗಿರಣಿಯ ಮುಂದೆ ಒಲೆ ಇಟ್ಟು ಮಿರ್ಚಿ ಭಜಿ ಕರಿಯಲು ಶುರು ಮಾಡಿದ್ದ. ಸಾಲದ್ದಕ್ಕೆ ಭಜಿ ಚೆನ್ನಾಗಿಯೂ ಇತ್ತು. ಇದನ್ನು ಬಸಲಿಂಗಯ್ಯ ಜನ್ಮದಲ್ಲಿ ಕ್ಷಮಿಸುವವನಲ್ಲ.

ಜಾಗದ ತೀರ್ಮಾನ ಗ್ರಾಮಸಭೆಯಲ್ಲಿ, ಬೀಜ ಹಾಕುವುದರ ಮೂಲಕ ಎಂದು ಗೊತ್ತಾಗಿತ್ತು. ಶಾಲೆಯ ಅಂಗಳದಲ್ಲಿ ಹೆಂಗಸರು ರಂಗೋಲಿ ಪುಡಿಯಿಂದ ಇಡೀ ಊರಿನ ನಕ್ಷೆ ಬರೆಯುತ್ತಾರೆ. ಓದು ಬಾರದವರಿಗೂ ತಿಳಿಯಲಿ ಎಂದು ಖಾನಾವಳಿಯ ಜಾಗಕ್ಕೆ ಒಂದು ರೊಟ್ಟಿಯ ಚಿತ್ರ, ಗಿರಣಿಯ ಜಾಗಕ್ಕೆ ಒಂದು ಬೀಸುವ ಕಲ್ಲಿನ ಚಿತ್ರ. ಸುತ್ತ ತಾಡಪತ್ರಿಯ ಪರದೆ. ಒಬ್ಬೊಬ್ಬರೇ ಒಳಗೆ ಹೋಗಿ, ಘಟಕ ಎಲ್ಲಿ ಆಗಬೇಕೋ ಆ ಚಿತ್ರದ ಮೇಲೆ ಒಂದು ಹುಣಸೆ ಬೀಜ ಇಟ್ಟು ಬರಬೇಕು. ಈ ಕ್ರಮವನ್ನು ಮೇಡಂ ಪೂರ್ವಸಭೆಗಳಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದರು. ಯೋಜನಾ ಸಮಿತಿಯ ಸದಸ್ಯನಾಗಿ ಬಸಲಿಂಗಯ್ಯ ಅಷ್ಟೂ ಸಭೆಗಳಲ್ಲಿ ಕೂತಿದ್ದ. ಅವನನ್ನು ಸಮಿತಿಗೆ ಸೇರಿಸಿಕೊಂಡದ್ದು ಚಹಾ ತರುತ್ತಾನೆಂದು. ಅವನು ಮಾತ್ರ ತನ್ನ ಬುದ್ಧಿಗೆ ಎಂದುಕೊಂಡಿದ್ದ.

ನ್ಯಾಯವಾಗಿ ನಡೆದರೆ ತನಗೆ ಸೋಲು ಖಂಡಿತ ಎಂದು ಅವನಿಗೆ ಅನ್ನಿಸಿತ್ತು. ಅವನೇನು ಊರಿಗೆ ಪ್ರೀತಿಯ ಮನುಷ್ಯನೇ? ಕೈ ತೊಳೆಯುವಾಗ ನಳ ಹರಿಯಬಿಟ್ಟವರಿಗೆ ಬೈದಿದ್ದಾನೆ. ರೊಟ್ಟಿ ಅರ್ಧ ಬಿಟ್ಟು ಎದ್ದವರನ್ನು ಮತ್ತೆ ಕೂರಿಸಿ ತಿನ್ನಿಸಿದ್ದಾನೆ. ಪಾರ್ಸಲ್ಲಿಗೆ ಡಬ್ಬಿ ತರದೆ ಬಂದ ಮದುಮಗನ ಅಪ್ಪನನ್ನು ಬರಿಗೈಯಲ್ಲಿ ವಾಪಸ್ಸು ಕಳಿಸಿದ್ದಾನೆ. ಇಂಥವನ ಬಾಗಿಲಿಗೆ ಕಸ ಹಾಕುವ ಅವಕಾಶ ಸಿಕ್ಕರೆ ಯಾರು ಬಿಡುತ್ತಾರೆ? ಇದನ್ನು ನೆನೆದಾಗ ಅವನಿಗೆ ನಿಜಕ್ಕೂ ದುಃಖವಾಗುತ್ತಿತ್ತು. ದುಃಖ ಸ್ವಲ್ಪ ಹೊತ್ತಿಗೇ ಸಿಟ್ಟಾಗುತ್ತಿತ್ತು. ಸಿಟ್ಟು ಆರಿದ ಮೇಲೆ ಯೋಜನೆ ಹುಟ್ಟಿತು.

ಪಂಚಾಯತಿಯ ಯೋಜನೆಗಿಂತ ಅದು ಎಷ್ಟೋ ಪಾಲು ಗಟ್ಟಿಯಾಗಿತ್ತು. ದಡ್ಡ ಕಳ್ಳ ಕಿಸೆಯಲ್ಲಿ ಬೀಜ ತುಂಬಿಕೊಂಡು ಹೋಗಿ ಗಿರಣಿಗೆ ಸುರಿಯುತ್ತಾನೆ. ಆಮೇಲೆ ಬಂದ ಜನಕ್ಕಿಂತ ಬೀಜ ಹೆಚ್ಚಾಗಿ ಸಿಕ್ಕಿಬೀಳುತ್ತಾನೆ. ಬಸಲಿಂಗಯ್ಯ ಒಂದು ಬೀಜವನ್ನೂ ಸೇರಿಸುವುದಿಲ್ಲ, ಒಂದನ್ನೂ ಕದಿಯುವುದಿಲ್ಲ. ರೊಟ್ಟಿಯ ಮೇಲಿನದನ್ನು ಎತ್ತಿ ಬೀಸುವ ಕಲ್ಲಿನ ಮೇಲೆ ಇಡುತ್ತಾನೆ, ಅಷ್ಟೇ. ಕೈಯಿಂದ ಎತ್ತಿದರೆ ರಂಗೋಲಿ ಅಳಿಸುತ್ತದೆ. ಅದಕ್ಕೆ ಅವನ ಹತ್ತಿರ ಝಾರಾ ಇತ್ತು, ಭಜಿ ಎತ್ತುವ ತೂತಿನ ಝಾರಾ. ಬೀಜ ಮೇಲೆ ಉಳಿಯುತ್ತದೆ, ರಂಗೋಲಿ ಪುಡಿ ತೂತಿನಿಂದ ಸೋರಿ ಮತ್ತೆ ನಕ್ಷೆಗೇ ಬೀಳುತ್ತದೆ. ಗ್ರಾಮಸಭೆಯ ಊಟದ ಗುತ್ತಿಗೆ ಅವನದೇ ಆಗಿದ್ದರಿಂದ ಅವನ ಕೈಯಲ್ಲಿ ಝಾರಾ ಕಂಡರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಇದು ಹೊಳೆದಾಗ ತನ್ನ ಬುದ್ಧಿಯ ಬಗ್ಗೆ ತನಗೇ ಸ್ವಲ್ಪ ಭಯವಾಯಿತು.

ಇನ್ನು ಕಾವಲು. ಊಟದ ಹೊತ್ತಿನಲ್ಲಿ ಪರದೆ ಕಾಯುವವನು ಫ್ರಾನ್ಸಿಸ್, ಊರಿಗೆ ನೀರು ಬಿಡುವವನು. ಅವನನ್ನು ಬೆದರಿಸಿದರೂ ಜಾಗ ಬಿಡುವವನಲ್ಲ, ಬೇಡಿದರೂ ಬಿಡುವವನಲ್ಲ. ಆದರೆ ಶೇಂಗಾ ಹೋಳಿಗೆ ಎಂದರೆ ಅವನ ಕಾಲು ಅವನ ಮಾತು ಕೇಳುವುದಿಲ್ಲ ಎಂದು ಬಸಲಿಂಗಯ್ಯನಿಗೆ ಗೊತ್ತಿತ್ತು.

ಕೊನೆಯದಾಗಿ ತನಗೆ ತಾನೇ ಒಂದು ನಿಯಮ ಹಾಕಿಕೊಂಡ. ಸಭೆಯ ದಿನ ಬೀಜದ ಮಾತೇ ಎತ್ತಬಾರದು. ಯಾರಾದರೂ ಎತ್ತಿದರೆ ಉತ್ತರ ಕೊಡಬಾರದು. ಅಪರಾಧಿಗಳು ಸಿಕ್ಕಿಬೀಳುವುದು ಬಾಯಿಂದ.

ಸಭೆಯ ದಿನ ಎಲ್ಲವೂ ಅವನು ನೆನೆಸಿದಂತೆಯೇ ಶುರುವಾಯಿತು. ನಾಡಗೀತೆ ಮುಗಿದ ಕೂಡಲೇ ಬಸಲಿಂಗಯ್ಯ ಮೈಕು ಕೇಳಿ ಪಡೆದು ಕೈಮುಗಿದ.

"ನಂದೂ ಒಂದು ಜಾಗ ಐತಿ ನೋಡ್ರಿ ಇದರಾಗ. ಅದಕ್ಕ ನಾ ಇದರಾಗ ಕೈ ಹಾಕೂದು ಧರ್ಮ ಅಲ್ಲ. ನೀವು ಏನ್ ಮಾಡ್ತೀರಿ ಮಾಡ್ರಿ. ನಾ ಅಡಗಿ ನೋಡ್ಕೋತೇನಿ."

ಜನ ಚಪ್ಪಾಳೆ ತಟ್ಟಿದರು. ಕಸದ ಗಾಡಿ ಓಡಿಸುವ ಕಾತರಿನಾ ಸೆರಗಿನಿಂದ ಕಣ್ಣೊರೆಸಿಕೊಂಡಂತೆಯೂ ಅವನಿಗೆ ಕಂಡಿತು. ಶಾಲೆಯ ಹಿಂದಿನ ಅಡುಗೆ ಜಾಗಕ್ಕೆ ಹೋಗಿ ಒಲೆ ಮುಂದೆ ನಿಂತ. ತನ್ನ ನಿಸ್ಪೃಹತೆಗೆ ಇಡೀ ಊರೇ ಸಾಕ್ಷಿ. ಅಂಗಳದಲ್ಲಿ ಏನೋ ಗದ್ದಲವೆದ್ದಿತು. ರುದ್ರೇಶ ಕೂಗುತ್ತಿದ್ದ, ಇನ್ನಾರೋ ಕೂಗುತ್ತಿದ್ದರು, ಮೇಡಂ ಮೈಕಿನಲ್ಲಿ ಬಹಳ ಹೊತ್ತು ಏನೋ ಸಮಾಧಾನ ಹೇಳಿದರು. ಬಸಲಿಂಗಯ್ಯ ದೊಡ್ಡ ಬುಟ್ಟಿಯ ಉಳ್ಳಾಗಡ್ಡಿಯನ್ನು ಕಾದ ಎಣ್ಣೆಗೆ ಸುರಿದ. ಚೊರ್ ಎಂದ ಸದ್ದಿನಲ್ಲಿ ಮೈಕು ಮುಳುಗಿಹೋಯಿತು. ಆ ಮಾತೆಲ್ಲ ಅವನು ಪೂರ್ವಸಭೆಗಳಲ್ಲೇ ಕೇಳಿ ಮುಗಿಸಿದ್ದ.

ಬೀಜ ಇಟ್ಟವರು ನೀರು ಕುಡಿಯಲು ಅಡುಗೆ ಜಾಗದತ್ತ ಬರತೊಡಗಿದರು. ಮೊದಲು ಬಂದವನು ಮಲಕಪ್ಪ. ಬಸ್ಸಿನ ಡ್ರೈವರು, ದಿನವೂ ಖಾನಾವಳಿಯಲ್ಲೇ ಉಣ್ಣುವವನು.

"ಅಯ್ಯಾರ, ನನ್ನ ಬೀಜ ನಿಮ್ಮ ಖಾನಾವಳಿಗೇ ಹಾಕೇನ್ರಿ!" ಎಂದು ಹಲ್ಲು ಕಿರಿದ.

ಬಸಲಿಂಗಯ್ಯ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಕುಕ್ಕಿದ. ಉಂಡ ಮನೆಗೆ ಕಸ ಸುರಿದು, ಅದನ್ನು ನಗುನಗುತ್ತ ಬಂದು ಹೇಳುತ್ತಾನೆ! ಉತ್ತರ ಕೊಡಬಾರದು ಎಂಬ ನಿಯಮ ನೆನಪಾಗಿ, ಬರೀ ತಲೆ ಆಡಿಸಿದ.

ಮುಂದೆ ಕಾತರಿನಾ ಬಂದಳು. "ನಂದೂ ನಿಮಗ ರೀ ಅಯ್ಯಾರ. ನಮ್ಮ ಓಣಿಯವ್ರು ಎಲ್ಲಾರೂ ನಿಮಗ ಹಾಕ್ಯಾರ. ನೀವೇನ್ ಚಿಂತಿ ಮಾಡಬ್ಯಾಡ್ರಿ."

ಚಿಂತಿ ಮಾಡಬ್ಯಾಡ್ರಿ ಅಂತೆ! ಗಾಡಿ ತಿರುಗಿಸಲು ಖಾನಾವಳಿಯ ಎದುರಿನ ಜಾಗವೇ ಸಲೀಸು, ಅದಕ್ಕೇ ಇವಳಿಗೆ ಇಷ್ಟು ಖುಷಿ ಎಂದು ಬಸಲಿಂಗಯ್ಯ ಲೆಕ್ಕ ಹಾಕಿದ. ಮೊನ್ನೆಯಷ್ಟೇ ಇವಳು ಬೇಡ ಬೇಡ ಎಂದರೂ ಮೇಲೊಂದು ರೊಟ್ಟಿ ಹಾಕಿದ್ದ ತನ್ನ ಕೈಗಳ ಮೇಲೆಯೇ ಅವನಿಗೆ ಸಿಟ್ಟು ಬಂತು.

ಆದರೆ ಎದೆ ಒಡೆದದ್ದು ಶಂಕ್ರೆವ್ವ ಬಂದಾಗ. ಸ್ವಂತ ಹೆಂಡತಿ, ಖಾನಾವಳಿಯ ರೊಟ್ಟಿಯನ್ನೆಲ್ಲ ತನ್ನ ಕೈಯಾರೆ ಬಡಿಯುವವಳು, ಹಣೆಯ ಬೆವರು ಒರೆಸಿಕೊಂಡು ಹಗುರಾಗಿ ಹೇಳಿದಳು. "ಏನ್ರಿ, ನಾನೂ ನಮ್ಮ ಖಾನಾವಳಿಗೇ ಹಾಕಿ ಬಂದೆ."

ಬಸಲಿಂಗಯ್ಯ ಒಲೆಯ ಕಡೆ ಮುಖ ತಿರುಗಿಸಿದ. ಒಲೆಯ ಮುಂದೆ ಕೂತು ಕೂತು ಇವಳಿಗೂ ಸಾಕಾಗಿದೆ, ಖಾನಾವಳಿ ಮುಚ್ಚಿದರೆ ತವರಿಗೆ ಹೋಗಿ ಹಾಯಾಗಿರಬಹುದು ಎಂದು ಹವಣಿಸಿದ್ದಾಳೆ. ಹಾಗಿದ್ದರೆ ಇಷ್ಟು ವರ್ಷ ಬಾಯಿಬಿಟ್ಟು ಹೇಳಬಾರದಿತ್ತೇ? ಅವನಿಗೆ ಅಳು ಬಂತು. ಯಾರಾದರೂ ನೋಡಿದರೆ ಉಳ್ಳಾಗಡ್ಡಿಯ ಮೇಲೆ ಹಾಕಬಹುದಿತ್ತು. ಇದ್ದ ಚೂರುಪಾರು ಅಳುಕೂ ಆ ಗಳಿಗೆಯಲ್ಲಿ ಹೋಯಿತು.

ಊಟದ ಪಂಕ್ತಿ ಕೂತಿತು. ಬಸಲಿಂಗಯ್ಯ ಒಂದು ಬಾಳೆಲೆಯಲ್ಲಿ ಶೇಂಗಾ ಹೋಳಿಗೆ ಇಟ್ಟು, ಮೇಲೆ ತುಪ್ಪ ಸುರಿದು, ಗಾಳಿ ಬೀಸುವ ದಿಕ್ಕು ನೋಡಿಕೊಂಡು, ಇನ್ನೊಂದು ಕೈಯಲ್ಲಿ ಝಾರಾ ಹಿಡಿದು ಪರದೆಯ ಹತ್ತಿರ ಹೋದ. ಫ್ರಾನ್ಸಿಸ್ ಮೂಗು ಅರಳಿಸಿದ.

"ಬಿಸಿ ಐತಿ. ಪಂಕ್ತಿಯೊಳಗ ಕುಂತು ತಿನ್ನು ಹೋಗೋ ಫ್ರಾನ್ಸಿಸಾ. ನೀ ಬರೂತನಾ ನಾ ಕಾಯ್ತೇನಿ."

"ನೀವಿದ್ರ ನನಗ್ಯಾಕ ಚಿಂತಿ ಅಯ್ಯಾರ," ಎಂದು ಫ್ರಾನ್ಸಿಸ್ ಎಲೆ ಸಮೇತ ಮಾಯವಾದ.

ಪರದೆಯೊಳಗೆ ಊರು ಅಂಗಾತ ಮಲಗಿತ್ತು. ಗಿರಣಿಯ ಬೀಸುವ ಕಲ್ಲಿನ ಮೇಲೆ ಒಂದು ಹಿಡಿ ಬೀಜ. ರೊಟ್ಟಿಯ ಮೇಲೆ ಗುಡ್ಡೆ! ಚಿತ್ರವೇ ಕಾಣದಷ್ಟು ದೊಡ್ಡ ಗುಡ್ಡೆ. ಇಷ್ಟೊಂದು ದ್ವೇಷ ಈ ಊರಿನಲ್ಲಿತ್ತೇ? ನಗುತ್ತ ಮಜ್ಜಿಗೆ ಕೇಳಿ ಹಾಕಿಸಿಕೊಳ್ಳುತ್ತಿದ್ದರಲ್ಲ! ಝಾರಾ ಬಗ್ಗಿಸಿದ. ಬೀಜ ಮೇಲೆ ಬಂದವು, ಪುಡಿ ಸೋರಿತು. ಭಜಿ ಎತ್ತುವ ನಾಜೂಕಿನಲ್ಲೇ ಎತ್ತಿ ಎತ್ತಿ ಗಿರಣಿಗೆ ಸಾಗಿಸಿದ. ಪೂರ್ತಿ ಖಾಲಿಯಾದರೆ ಅನುಮಾನ ಬರುತ್ತದೆಂದು ರೊಟ್ಟಿಯ ಮೇಲೆ ನಾಲ್ಕಾರು ಬೀಜ ಉಳಿಸಿದ. ಶಂಕ್ರೆವ್ವನ ಬೀಜವೂ ಈಗ ಗಿರಣಿಯ ಪಾಲಾಯಿತು ಎಂದುಕೊಂಡಾಗ ಸ್ವಲ್ಪ ಸಮಾಧಾನವಾಯಿತು. ಫ್ರಾನ್ಸಿಸ್ ಬೆರಳು ನೆಕ್ಕುತ್ತ ಬರುವಷ್ಟರಲ್ಲಿ ಅವನು ಪರದೆಯ ಹೊರಗೆ ನಿಂತು ವಚನ ಗುನುಗುತ್ತಿದ್ದ.

ಊಟವಾದ ಮೇಲೆ ಎಲ್ಲರೆದುರಿಗೆ ಪರದೆ ಎಳೆದರು. ಬೀಜ ಎಣಿಸಿದರು. ಬೀಜ ಇಟ್ಟ ಜನಕ್ಕಿಂತ ಒಂದೇ ಒಂದು ಬೀಜ ಕಡಿಮೆ ಬಂತು, ಅದು ಎಲ್ಲೋ ಉರುಳಿರಬೇಕೆಂದು ಬಿಟ್ಟರು. ಬಸಲಿಂಗಯ್ಯ ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಂಡ. ಗಿರಣಿಗೆ ರಾಶಿ, ಖಾನಾವಳಿಗೆ ಚಿಟಿಕೆ ಎಂದು ಮೇಡಂ ಸಾರಿದಾಗ, ಮನೆಯಲ್ಲಿ ಕನ್ನಡಿಯ ಮುಂದೆ ಕಲಿತಿದ್ದ ವಿನಯದ ಮುಖವನ್ನು ಹೊರತೆಗೆದ. ಆದರೆ ರುದ್ರೇಶ ಅಳುವ ಬದಲು ಚಂಗನೆ ಹಾರಿ, ಪಕ್ಕದವನನ್ನು ತಬ್ಬಿಕೊಂಡು, ಎಲ್ಲರಿಗೂ ಮಿರ್ಚಿ ಭಜಿ ಪುಕ್ಕಟೆ ಎಂದು ಕೂಗಿದ. ಪಾಪ, ಆಘಾತಕ್ಕೆ ತಲೆ ಕೆಟ್ಟಿದೆ ಎಂದು ಬಸಲಿಂಗಯ್ಯ ಮರುಗಿದ. ಉಳಿದ ಜನರೆಲ್ಲ ಯಾಕೆ ಹೆಣ ನೋಡಿದವರ ಹಾಗೆ ಸುಮ್ಮನಾದರು ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಶಂಕ್ರೆವ್ವ ಸೆರಗು ಬಾಯಿಗೊತ್ತಿಕೊಂಡು ಬಿಕ್ಕುತ್ತಿದ್ದಳು. ತನ್ನ ನಿಯಮ ಮುರಿದು, ಅವನು ಮೊದಲ ಸಲ ಬೀಜದ ಮಾತೆತ್ತಿದ.

"ನಾವು ಗೆದ್ವಲ್ಲ, ಯಾಕ ಅಳ್ತಿ?" ಎಂದು ಪಿಸುಗುಟ್ಟಿದ. "ಗೆದ್ದಿದ್ದೆಲ್ಲೈತ್ರಿ!" ಎಂದಳು ಶಂಕ್ರೆವ್ವ. "ಘಟಕ ಎಲ್ಲಿ ಬೇಕು ಅಂತ ಕೇಳಿದ್ರ ಒಬ್ರ ಮನಿ ಮುಂದ ಇನ್ನೊಬ್ರು ಕಸ ಹಾಕ್ತಾರ ಅಂತ ಮುಂಜಾನಿ ಜಗಳಾ ಆತಲ್ಲ, ಆಗ ಮೇಡಮ್ಮಾರು ಪ್ರಶ್ನಿನ ತಿರುವಿದ್ರು. ಯಾವ ಜಾಗಾ ಉಳೀಬೇಕು, ಎಲ್ಲಿ ಕಸ ಬ್ಯಾಡ, ಅಲ್ಲಿ ಬೀಜ ಇಡ್ರಿ ಅಂದ್ರು. ಊರಾಗಿನ ಮಂದಿ ಎಲ್ಲಾ ನಮಗ ಇಟ್ಟಿದ್ರು. ನೀವು ಉಳ್ಳಾಗಡ್ಡಿ ಹುರ್ಯಾಕತ್ತಿದ್ರಿ." ಅಷ್ಟರಲ್ಲಿ ಮಲಕಪ್ಪ ಎದ್ದು ನಿಂತು, ತಾವೆಲ್ಲ ಇಟ್ಟ ಬೀಜ ಎಲ್ಲಿ ಹೋದವು ಎಂದು ಕೂಗಿದ. ಕಾತರಿನಾ ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೇ ಕೇಳಿದಳು. ಫ್ರಾನ್ಸಿಸ್ ಗಾಬರಿಬಿದ್ದು, "ನಾ ಉಣ್ಣಾಕ ಹೋದಾಗ ಅಯ್ಯಾರ ತಾವೇ ಕಾಯ್ತಿದ್ರು, ಅವರನ್ನ ಕೇಳ್ರಿ," ಎಂದ. ಇಡೀ ಊರು ಅವನ ಕಡೆ ತಿರುಗಿತು. ಒಬ್ಬರ ಕಣ್ಣಿನಲ್ಲೂ ಅನುಮಾನವಿರಲಿಲ್ಲ. ನಿಜ ಹೇಳಿದರೆ ಖಾನಾವಳಿ ಉಳಿಯುತ್ತದೆ, ಅವನು ಉಳಿಯುವುದಿಲ್ಲ. ಬಸಲಿಂಗಯ್ಯ ಕೈಯಲ್ಲೇ ಉಳಿದಿದ್ದ ಝಾರಾವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಅದರ ತೂತಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಹುಣಸೆ ಬೀಜ ಟಪ್ಪೆಂದು ಶಂಕ್ರೆವ್ವನ ಕಾಲ ಬಳಿ ಬಿತ್ತು.