ಕೆಳಗೆ ಇಡದ ಕರಡಿಗೆ

ಕೊಳದ ದಡದಲ್ಲಿ ಶೀಟಿ ಊದುತ್ತಿದ್ದವನ ಮುಖ ಕಂಡು ಉಮಾಶ್ರೀಯ ಕಾಲುಗಳು ಅಲ್ಲೇ ನಿಂತವು.

ವಿಶ್ವರಾಧ್ಯ...!

ಎರಡು ವರ್ಷದ ಹಿಂದೆ ಅವಳ ಕೈ ಹಿಡಿಯಬೇಕಿದ್ದವನು. ‘ಇನ್ನೊಮ್ಮೆ ನಿಮ್ಮ ಮುಖ ತೋರಸಬ್ಯಾಡ್ರಿ’ ಎಂದು ಅವಳೇ ಫೋನಿನಲ್ಲಿ ಹೇಳಿ ದೂರ ಮಾಡಿದವನು. ಈಗ ಯಾದಗಿರಿಯ ಹೊರಗೆ ಹೊಸದಾಗಿ ಶುರುವಾದ ವಾಟರ್ ಪಾರ್ಕಿನಲ್ಲಿ, ಕೆಂಪು ಟೀ ಶರ್ಟು ಹಾಕಿಕೊಂಡು ಅಲೆಯ ಕೊಳಕ್ಕೆ ಕಾವಲು ನಿಂತಿದ್ದಾನೆ.

‘ದೇವರೇ, ಇವರು ಇಲ್ಲೇ ಇರಬೇಕಾ... ಅದೂ ಇಂಥ ಕೆಲಸದಲ್ಲಿ?’

ಶಹಾಪುರದಿಂದ ಅಕ್ಕ ಬಸವೇಶ್ವರಿ, ಅಕ್ಕನ ಮಗಳು ಪವಿತ್ರಾ ಜೊತೆ ಅವಳು ಬಂದದ್ದು ಮೋಜಿಗಲ್ಲ. ಎಂಟು ವರ್ಷದ ಪವಿತ್ರಾ ಎರಡು ವರ್ಷದಿಂದ ಬಕೆಟ್ ನೀರು ಕಂಡರೂ ಚೀರುತ್ತಿದ್ದಳು. “ಸಾಲಿ ಸೂಟಿ ಅದಲ್ಲ, ಆಟದ ನೀರಿಗೆ ಕರ್ಕೊಂಡು ಹೋಗ್ರಿ, ಅಂಜಿಕಿ ಹೋಗ್ತದ” ಎಂದಿದ್ದರು ಡಾಕ್ಟರು. ಆ ಅಂಜಿಕೆ ಹುಟ್ಟಿದ್ದೂ ಇಂಥದೇ ನೀರಿನಲ್ಲಿ.

ಲಗ್ನ ಗೊತ್ತಾದ ಆ ಬೇಸಿಗೆಯಲ್ಲಿ ಎರಡೂ ಮನೆಯವರು ಸೇರಿ ಹೈದರಾಬಾದಿಗೆ ಹೋಗಿದ್ದರು. ಬಿಸಿಲೂರಿನವರು ಇನ್ನೊಂದು ಬಿಸಿಲೂರಿಗೆ ಹೋಗಿ ನೀರಾಡುವುದು! ಅದೂ ಒಂದು ಸಂಭ್ರಮವೇ.

ಅಪ್ಪ ಸಂಗಣ್ಣ ಶಹಾಪುರದಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದವರು. ಲಿಂಗಪೂಜೆಯಾಗದೆ ಒಂದು ಗುಟುಕು ಚಹಾ ಕುಡಿದವರಲ್ಲ. ಪಾರ್ಕಿನವರು ಬಾಡಿಗೆಗೆ ಕೊಟ್ಟ ಹೂವಿನ ಚಡ್ಡಿ ಹಾಕಿಕೊಂಡು ಹೊಸ ಮದುಮಗನಂತೆ ನಾಚುತ್ತ ನಿಂತಿದ್ದರು. ಕೊರಳಲ್ಲಿ ಏನೂ ಇರುವಂತಿಲ್ಲ ಎಂದು ಅಲ್ಲಿಯ ಕಾವಲುಗಾರ ತಡೆದ. ನೀರಿನಲ್ಲಿ ತಾಯಿಯ ಕೈ ಹಿಡಿದುಕೊಂಡಿದ್ದ ಪವಿತ್ರಾ “ಮುತ್ಯಾ ಬಾ, ಮುತ್ಯಾ ಬಾ” ಎಂದು ಅಜ್ಜನನ್ನು ಕೂಗುತ್ತಿದ್ದಳು.

“ಐದು ನಿಮಿಷ ತಗೀರಿ ಅಪ್ಪ. ಶಿವ ಏನು ಸಿಟ್ಟಾಗಂಗಿಲ್ಲ” ಎಂದು ನಕ್ಕವಳು ಉಮಾಶ್ರೀ. ಶಿವದಾರದ ಗಂಟು ಬಿಚ್ಚಿ, ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ವಿಶ್ವರಾಧ್ಯನ ಬೊಗಸೆಗೆ ಹಾಕಿದವಳೂ ಅವಳೇ.

“ಅಳಿಯಂದಿರ, ಕೆಳಗ ಮಾತ್ರ ಇಡಬ್ಯಾಡ್ರಿ” ಎಂದು ಅಪ್ಪ ನೀರಿಗಿಳಿದರು. ಅದೇ ಅವರ ಕೊನೆಯ ಮಾತಾಯಿತು.

ಅಲೆ ಬಿಡುವ ಗಂಟೆ ಮೊಳಗಿತು. ಜನ ಕೇಕೆ ಹಾಕಿದರು. ಆ ಗದ್ದಲದಲ್ಲಿ ಅಪ್ಪ ಮುಳುಗಿದ್ದು ದಡದಲ್ಲಿದ್ದ ಇವರಿಬ್ಬರಿಗೇ ಕಂಡಿತು. ಉಮಾಶ್ರೀ ಚೀರುತ್ತ ಆಚೆ ತುದಿಯ ಕಾವಲುಗಾರನ ಕಡೆ ಓಡಿದಳು. ತಿರುಗಿ ನೋಡಿದರೆ, ಕೊಡೇಕಲ್ಲಿನ ಕಾಲುವೆಯಲ್ಲಿ ಈಜಿ ಬೆಳೆದ ವಿಶ್ವರಾಧ್ಯ ಕರಡಿಗೆ ಹಿಡಿದು ಅತ್ತಿತ್ತ ನೋಡುತ್ತ ನಿಂತೇ ಇದ್ದ! ಆಮೇಲೆ ಹಾರಿದ, ಅಪ್ಪನನ್ನು ಎಳೆದು ತಂದ. ಅಷ್ಟರಲ್ಲಿ ಉಸಿರು ನಿಂತಿತ್ತು.

ಸಾವಿಗೆ ಬಂದವರಿಗೆ ಅಳು ಮುಗಿದ ಮೇಲೆ ಒಬ್ಬ ತಪ್ಪಿತಸ್ಥ ಬೇಕಾಗುತ್ತಾನೆ.

“ಲಿಂಗ ತಗದು ನೀರಿಗಿಳದ್ರ ಶಿವ ಬಿಡ್ತಾನೇನು? ಯಾರು ತಗಸಿದ್ದು?” ದವಾಖಾನೆಯ ಅಂಗಳದಲ್ಲಿ ಅಪ್ಪನ ತಮ್ಮ, ಕಾಕಾ ಗುಡುಗಿದ.

ಉಮಾಶ್ರೀ ಎರಡೂ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿದಳು.

“ನಾನೇ ತಗಸಿದ್ದೆ” ಎಂದ ವಿಶ್ವರಾಧ್ಯ.

ಕಾಕಾನ ಕೈ ಅವನ ಕೆನ್ನೆಗೆ ಬಿತ್ತು. ಮಣ್ಣಿಗೂ ಬರಬೇಡವೆಂದು ಅಟ್ಟಿಬಿಟ್ಟರು. ಕರಡಿಗೆ ನೀರುಪಾಲಾಯಿತೆಂದೇ ಎಲ್ಲರೂ ತಿಳಿದರು. ಮಠದ ಅಯ್ಯನವರು ಅಪ್ಪನ ಎಡಗೈಯಲ್ಲಿ ಬೇರೆ ಲಿಂಗ ಇಟ್ಟು ಮಣ್ಣು ಮಾಡಿಸಿದರು. ಉಮಾಶ್ರೀ ಬಾಯಿ ಬಿಡಲಿಲ್ಲ. ಗಂಟು ಬಿಚ್ಚಿದ ತನ್ನ ಬೆರಳನ್ನು ಶಪಿಸುವುದಕ್ಕಿಂತ, ನಿಂತು ನೋಡಿದವನನ್ನು ದ್ವೇಷಿಸುವುದು ಹಗುರವಾಗಿತ್ತು ಅವಳಿಗೆ.

“ಮಾಮಾ...”

ಉಮಾಶ್ರೀ ಎಚ್ಚೆತ್ತು ನೋಡಿದರೆ, ಪವಿತ್ರಾ ಚಿಕ್ಕಮ್ಮನ ಕೈ ಬಿಡಿಸಿಕೊಂಡು ವಿಶ್ವರಾಧ್ಯನ ಹತ್ತಿರ ಹೋಗಿದ್ದಳು. ಅವನು ಗಾಬರಿಯಾಗಿ ಉಮಾಶ್ರೀಯ ಕಡೆ ನೋಡಿದ. ಆಮೇಲೆ ಬಗ್ಗಿ, “ಬೆರಳಷ್ಟ ಮುಟ್ಟಸು. ನಾ ಹಿಡದೀನಿ” ಎಂದ. ಹುಡುಗಿ ಕಣ್ಣು ಮುಚ್ಚಿ ಹೆಬ್ಬೆರಳನ್ನು ನೀರಿಗೆ ತಾಗಿಸಿದಳು. ಚೀರಲಿಲ್ಲ.

ಅವನು ಬಗ್ಗಿದಾಗ ಅಂಗಿಯೊಳಗಿನಿಂದ ಕರಡಿಗೆ ಜಾರಿ ಹೊರಬಂತು. ಒಂದಲ್ಲ, ಎರಡು. ಒಂದರ ಮುಚ್ಚಳದ ಮೇಲೆ ಬೆಸುಗೆಯ ಕಲೆಯಿತ್ತು. ಆ ಕಲೆಯನ್ನು ಉಮಾಶ್ರೀ ಚಿಕ್ಕಂದಿನಿಂದ ನೋಡಿದ್ದಳು.

“ನಮ್ಮಪ್ಪಂದು... ನಿಮ್ಮ ಕೊಳ್ಳಾಗ ಯಾಕದ?”

ವಿಶ್ವರಾಧ್ಯ ಅದನ್ನು ಮುಚ್ಚಿಕೊಳ್ಳಲಿಲ್ಲ.

“ಕೆಳಗ ಇಡಬ್ಯಾಡ ಅಂದಿದ್ರು. ಇಟ್ಟಿಲ್ಲ. ದಿನಾ ನಂದರ ಜೋಡಿ ಅವರದೂ ಪೂಜಿ ಮಾಡ್ತೀನಿ.”

“ಮನಿಗೆ ತಂದು ಕೊಡಬೇಕಿತ್ತು.”

“ಮೂರು ಸಲ ಬಂದೆ. ನೀವು ಕದ ತೆರೀಲಿಲ್ಲ.”

ಖರೆ. ಮೂರು ಸಲವೂ ಅವಳು ಕದದ ಹಿಂದೆಯೇ ನಿಂತಿದ್ದಳು.

“ಅವತ್ತು ಯಾಕ ನಿಂತ್ರಿ? ಈಜು ಬರ್ತಿತ್ತಲ್ಲ ನಿಮಗ...”

“ಇದನ್ನ ಇಡಾಕ ಜಾಗ ನೋಡಿದೆ. ಕೆಳಗ ಎಲ್ಲಾ ಚಪ್ಪಲಿ, ಜನರ ಕಾಲು. ಯಾರ ಕೈಯಾಗರೆ ಕೊಡೋಣಂದ್ರ ಎಲ್ಲಾರೂ ನೀರಾಗ. ಕೊನಿಗೆ ನನ್ನ ಕೊಳ್ಳಿಗೇ ಕಟಗೊಂಡೆ. ಕೈ ನಡಗಾಕತ್ತಿತ್ತು. ಗಂಟು ಎರಡು ಸಲ ಜಾರಿತು...” ಅವನು ನೀರಿನ ಕಡೆ ನೋಡಿದ. “ಕೆಳಗ ಒಗದು ಹಾರಿದ್ರ ಮಾವ ಉಳೀತಿದ್ರೇನೋ. ದಿನಾ ಅದನ್ನೇ ನೆನಸ್ತೀನಿ. ಅದಕ್ಕ ಇದ್ದ ನೌಕರಿ ಬಿಟ್ಟು ಇಲ್ಲಿ ನಿಂತೀನಿ. ಇಲ್ಲಿ ನನ್ನ ಕೈ ಖಾಲಿ ಇರ್ತಾವ.”

ಇಂಥವನನ್ನೇ ಅವಳು ಎರಡು ವರ್ಷ ಹೇಡಿ ಎಂದುಕೊಂಡಿದ್ದಳು.

“ಗಂಟು ಬಿಚ್ಚಿದಾಕಿ ನಾನು ಅಂತ ಯಾಕ ಹೇಳಲಿಲ್ಲ?”

“ನಾ ಹೊರಗಿನಾಂವ. ಓಡಿಸಿದ್ರ ಮುಗೀತು. ನಿನ್ನ ಎಲ್ಲಿಗೆ ಓಡಸ್ತಿದ್ರು, ಉಮಾ?”

ಅವನ ಬಾಯಲ್ಲಿ ಮತ್ತೆ ‘ನೀನು’ ಬಂದದ್ದು ಇಬ್ಬರಿಗೂ ತಿಳಿಯಿತು.

ಉಮಾಶ್ರೀ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಕರೆದಳು. “ಅಕ್ಕಾ, ಇಲ್ಲಿ ಬಾ.”

ಬಸವೇಶ್ವರಿ ಟವೆಲ್ ಹಿಡಿದು ಬಂದಳು. ವಿಶ್ವರಾಧ್ಯನನ್ನು ಕಂಡು ಮುಖ ಕಪ್ಪಿಟ್ಟಿತು.

“ಅಪ್ಪನ ಲಿಂಗ ತಗಸಿದಾಕಿ ನಾನು. ಇವರಲ್ಲ.”

ಅಕ್ಕ ತಂಗಿಯ ಕಡೆ ತಿರುಗಿದಳು. “ಎರಡು ವರ್ಷ ಅವ್ವ ಈ ಮನುಷ್ಯಗ ಶಾಪ ಹಾಕ್ಯಾಳ. ನೀ ಬಾಜೂಕ ಕುಂತು ಕೇಳಿದೆಲ್ಲೇ...” ಎಂದವಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕಟ್ಟೆಯ ಮೇಲೆ ಕುಸಿದಳು. “ಅವ್ವಗ ಯಾರು ಹೇಳ್ತಾರ?”

“ನಾನೇ ಹೇಳ್ತೀನಿ. ಇವತ್ತೇ.”

ಕ್ಷಮಿಸಿದೆ ಎಂದು ಅಕ್ಕ ಹೇಳಲಿಲ್ಲ. ಉಮಾಶ್ರೀ ಕೇಳಲೂ ಇಲ್ಲ.

ಪಾಳಿ ಬದಲಾಯಿಸಲು ಇನ್ನೊಬ್ಬ ಕಾವಲುಗಾರ ಮುನಾವರ ಬಂದ. ವಿಶ್ವರಾಧ್ಯ ಅವನ ಕೈಗೆ ಶೀಟಿ ಕೊಟ್ಟು, ಅಪ್ಪನ ಕರಡಿಗೆ ಬಿಚ್ಚಿ ಬೊಗಸೆಯಲ್ಲಿ ಹಿಡಿದು ನಿಂತ.

“ತಗೋ. ಅವ್ವಗ ಮುಟ್ಟಸು.”

“ನೀವೂ ಬರ್ರಿ.”

“ಕಾಕಾ ಮತ್ತ ಕೈ ಎತ್ತತಾರ.”

“ಎತ್ತಲಿ. ಈ ಸಲ ನಾ ಮುಂದ ನಿಂದರ್ತೀನಿ.”

ಅವನು ಬೊಗಸೆ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

“ಕೈಯಾಗ ಬ್ಯಾಡ್ರಿ. ಕೊಳ್ಳಾಗ ಕಟ್ರಿ.”

ಅವಳು ಬೆನ್ನು ತಿರುಗಿಸಿ ಕೊರಳು ಬಾಗಿಸಿದಳು. ಅವನ ಬೆರಳು ಅವತ್ತಿನಂತೆಯೇ ನಡುಗುತ್ತಿತ್ತು.

“ಗಂಟು ಬೀಳವಲ್ದು, ಉಮಾ...”

“ಬೀಳ್ತದ. ಸಾವಕಾಶ ಹಾಕ್ರಿ. ನಾ ಎಲ್ಲೂ ಹೋಗಂಗಿಲ್ಲ.”